ಪೈನ್‌ವಿಲ್‌ನ ಸೂಲಗಿತ್ತಿ

ಅಮೆರಿಕದ 'ಲೈಫ್' ಪತ್ರಿಕೆ 1951ರ ಡಿಸೆಂಬರ್ 3ರ ಸಂಚಿಕೆಯಲ್ಲಿ ಯೂಜಿನ್ ಸ್ಮಿತ್ ತೆಗೆದ ಚಿತ್ರಮಾಲೆಯೊಂದನ್ನು ಪ್ರಕಟಿಸಿತು. ಅದರಲ್ಲಿ ಸಿನಿಮಾ ತಾರೆಯರಿರಲಿಲ್ಲ. ದಕ್ಷಿಣ ಕೆರೊಲಿನಾ ರಾಜ್ಯದ ಬಡ ಕರಿಯರ ಗುಡಿಸಲುಗಳಲ್ಲಿ ರಾತ್ರಿಯಿಡೀ ಹೆರಿಗೆ ಮಾಡಿಸುವ ಕರಿಯ ನರ್ಸ್ ಒಬ್ಬರಿದ್ದರು. ಹೆಸರು ಮಾಡ್ ಕ್ಯಾಲೆನ್.

1898ರಲ್ಲಿ ಫ್ಲೋರಿಡಾದಲ್ಲಿ ಹುಟ್ಟಿದ ಮಾಡ್ ಚಿಕ್ಕಂದಿನಲ್ಲೇ ತಬ್ಬಲಿಯಾದರು. ವೈದ್ಯರಾಗಿದ್ದ ಬಂಧುವೊಬ್ಬರು ಸಾಕಿ ಓದಿಸಿದರು. 1923ರಲ್ಲಿ ಚರ್ಚಿನ ನರ್ಸ್ ಆಗಿ ಪೈನ್‌ವಿಲ್‌ಗೆ ಬಂದವರು ಅಲ್ಲಿಯವರೇ ಆಗಿಬಿಟ್ಟರು. ಅವರ ಸುತ್ತಾಟದ ಸೀಮೆ ಸುಮಾರು 400 ಚದರ ಮೈಲಿ, ರಸ್ತೆಗಳೋ ಕೆಸರು. ಬಹುಕಾಲ ಅವರ ಮನೆಯೇ ಔಷಧಾಲಯ. ಊರಿನ ಅಜ್ಜಿ ಸೂಲಗಿತ್ತಿಯರನ್ನು, ನಮ್ಮ ಉರ್ದು ಮನೆಗಳಲ್ಲಿ 'ದಾಯಿ' ಎನ್ನುತ್ತೇವಲ್ಲ ಅಂಥವರನ್ನು, ಅವರು ಹೀಗಳೆಯಲಿಲ್ಲ. ಕೂರಿಸಿಕೊಂಡು ಶುಚಿತ್ವದ ಪಾಠ ಹೇಳಿದರು.

ಇಂಥ ಹೆಣ್ಣುಮಕ್ಕಳಿಗೆ ನರ್ಸಿಂಗ್ ಶಾಲೆಯ ಬಾಗಿಲು ಸುಲಭಕ್ಕೆ ತೆರೆದಿರಲಿಲ್ಲ. 1879ರಲ್ಲಿ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಮೇರಿ ಮಹೋನಿ ತರಬೇತಿ ಮುಗಿಸಿ, ದೇಶದಲ್ಲಿ ಹಾಗೆ ತೇರ್ಗಡೆಯಾದ ಮೊದಲ ಕರಿಯ ನರ್ಸ್ ಆದರು. ಬಿಳಿಯರ ಸಂಘಗಳು ಒಳಗೆ ಬಿಡದಿದ್ದಾಗ ಕರಿಯ ನರ್ಸ್‌ಗಳು 1908ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ನರ್ಸ್‌ಗಳು ಸಾಲದಿದ್ದಾಗಲೂ ಅಮೆರಿಕದ ಸೈನ್ಯ ಮೊದಲು ಐವತ್ತಾರು ಕರಿಯ ನರ್ಸ್‌ಗಳು ಸಾಕು ಎಂದಿತು! ಮೇಬಲ್ ಸ್ಟಾಪರ್ಸ್ ಎಂಬಾಕೆಯ ಪಟ್ಟುಬಿಡದ ಹೋರಾಟದಿಂದ 1945ರಲ್ಲಿ ಆ ಮಿತಿ ಹೋಯಿತು.

'ಲೈಫ್' ಓದುಗರ ಕರುಳು ಕರಗಿತು. 20 ಸಾವಿರ ಡಾಲರಿಗೂ ಹೆಚ್ಚು ಹಣ ಬಂತು. 1953ರಲ್ಲಿ ಪೈನ್‌ವಿಲ್‌ನಲ್ಲಿ ಮಾಡ್ ಹೆಸರಿನ ಚಿಕಿತ್ಸಾಲಯ ಎದ್ದಿತು. ಕೊಟ್ಟವರ ಮನಸ್ಸು ದೊಡ್ಡದು, ಅನುಮಾನವಿಲ್ಲ. ಆದರೆ ಫೋಟೋ ನೋಡಿ ಮರುಗಿದವರು ಕಟ್ಟಿಸಬೇಕಾದದ್ದೇಕೆ? ಸರ್ಕಾರದಲ್ಲಿ ಹಣವಿತ್ತು. 1946ರ ಹಿಲ್-ಬರ್ಟನ್ ಕಾಯಿದೆಯಡಿ ದೇಶದ ಉದ್ದಗಲಕ್ಕೂ ಆಸ್ಪತ್ರೆಗಳು ಏಳುತ್ತಿದ್ದವು. ಬಿಳಿಯರಿಗೊಂದು, ಕರಿಯರಿಗೊಂದು ಎಂದು ಬೇರೆ ಮಾಡಲು ಆ ಕಾಯಿದೆಯೇ ಅವಕಾಶ ಕೊಟ್ಟಿತ್ತು. 1963ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1966ರಲ್ಲಿ ವೃದ್ಧರ ವಿಮೆಯಾದ ಮೆಡಿಕೇರ್ ಜಾರಿಗೆ ಬಂದು, ಭೇದ ಮಾಡುವ ಆಸ್ಪತ್ರೆಗೆ ಹಣವಿಲ್ಲ ಎಂದಾಗ ಬಾಗಿಲುಗಳು ಬೇಗಬೇಗ ತೆರೆದವು. ಅಷ್ಟರಲ್ಲಿ ಮಾಡ್ ನೂರಾರು ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡಿದ್ದರು.

1971ರಲ್ಲಿ ನಿವೃತ್ತರಾದರು, ಹೆಸರಿಗಷ್ಟೇ. ಎಂಬತ್ತು ದಾಟಿದ ಮೇಲೆ ಊರಿನ ಮುದುಕರಿಗೆ ಊಟ ತಲುಪಿಸುವ ಕೆಲಸ ಹಿಡಿದರು. ಅಧ್ಯಕ್ಷ ರೇಗನ್ ಶ್ವೇತಭವನಕ್ಕೆ ಕರೆದಾಗ, ಕೆಲಸವಿದೆ ಎಂದು ಹೋಗಲಿಲ್ಲವಂತೆ.