ಗೋಬಿ ಮಂಚೂರಿ ಎಲ್ಲಿಯದ್ದು ಮಾರಾಯ್ರೆ? (ಭಾಗ 3)

ಕ್ಲಾಸ್ ಬಿಟ್ಟ ಮೇಲೆ ಕೊಡಿಯಾಲ್‌ಬೈಲ್‌ನಲ್ಲಿ ಗೋಬಿ ಮಂಚೂರಿ ತಿಂದು "ಚೈನೀಸ್ ತಿಂದೆ" ಅಂತ ಸ್ಟೋರಿ ಹಾಕ್ತೀರಲ್ಲ? ಮಂಚೂರಿಯಾ ಅನ್ನೋದು ಚೀನಾದ ಈಶಾನ್ಯ ಭಾಗ, ನಿಜ. ಆದ್ರೆ ಈ ತಿಂಡಿ ಅಲ್ಲಿಯದ್ದಲ್ಲ.

ಕತೆ ಶುರುವಾಗೋದು ಕೋಲ್ಕತ್ತಾದಲ್ಲಿ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದ ಹಕ್ಕಾ ಜನರು ಅಲ್ಲಿನ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸ ಹಿಡಿದರು, ಆಮೇಲೆ ಹೋಟೆಲ್ ಇಟ್ಟರು. ಮೆನುವಿನಲ್ಲಿರುವ "ಹಕ್ಕಾ ನೂಡಲ್ಸ್" ಅವರದ್ದೇ ಹೆಸರು. ಕೋಲ್ಕತ್ತಾದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್‌ನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್ ಹಾಕಿ ಚಿಕನ್ ಮಂಚೂರಿಯನ್ ಮಾಡಿದ್ರು ಅಂತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಮತ್ತೆ.

ನಡುವೆ ಒಂದು ಪುಟ ಉಂಟು, ನಮಗೆ ಶಾಲೆಯಲ್ಲಿ ಹೇಳಿಕೊಡದ್ದು. 1962ರ ಯುದ್ಧದ ಹೊತ್ತಿಗೆ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿ ಹಾಕಿದ್ರು. ಅದ್ರಲ್ಲಿ ಇಲ್ಲೇ ಹುಟ್ಟಿದ ಮಕ್ಕಳೂ ಇದ್ರು. ಕೆಲವರು ಹೊರಗೆ ಬಂದದ್ದು ವರ್ಷಗಟ್ಟಲೆ ಕಳೆದ ಮೇಲೆ. ಎಷ್ಟೋ ಮಂದಿ ಆಮೇಲೆ ಕೆನಡಾಕ್ಕೆ ಹೋದರು.

2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕ್ಬಾರ್ದು ಅಂದಾಗ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಸುದ್ದಿ. ಪ್ಲೇಟಿನ ಬಣ್ಣ ಹೋದದ್ದು ನಮಗೆ ಕೂಡ್ಲೇ ಗೊತ್ತಾಯ್ತು. ಅದನ್ನು ಕಲಿಸಿಕೊಟ್ಟ ಜನ ಊರು ಬಿಟ್ಟು ಹೋದದ್ದು?

ಇವತ್ತು ಗೋಬಿ ತಿನ್ನುವಾಗ ಪಕ್ಕದಲ್ಲಿರುವ ಫ್ರೆಂಡಿಗೆ ದೇವ್ಲಿ ಕತೆ ಹೇಳಿ.