ಕಾಂಬೋಜದ ಹರ್ಷವಾಚಕಗಳು: ‘ಸಬ್ಬಾಯ್’ ಪದದ ಪಕಾರವನ್ನು ಕುರಿತು

ಕಾಂಬೋಜದ, ಅಂದರೆ ಇಂದಿನ ಕಂಬೋಡಿಯಾದ, ಸಂಸ್ಕೃತ ಶಾಸನಗಳನ್ನು ಸಂಗ್ರಹಿಸಿ 1953ರಲ್ಲಿ ಪ್ರಕಟಿಸಿದ ಇತಿಹಾಸಕಾರ ರಮೇಶಚಂದ್ರ ಮಜುಮದಾರರಿಗೆ ನಾವೆಲ್ಲರೂ ಋಣಿಗಳು. ಆದರೆ ಅದಕ್ಕೂ ಮೊದಲು, 1944ರಲ್ಲಿ, ತಮ್ಮ ‘ಕಂಬುಜದೇಶ’ ಗ್ರಂಥದ ಉಪಶೀರ್ಷಿಕೆಯಲ್ಲಿಯೇ ಅವರು ಆ ನಾಡನ್ನು ಪ್ರಾಚೀನ ಹಿಂದೂ ವಸಾಹತುವೆಂದು ಕರೆದುದರಿಂದ ಬಲಗೊಂಡ ದೃಷ್ಟಿದೋಷವು ಶಬ್ದವಿಚಾರಕ್ಕೂ ವ್ಯಾಪಿಸಿ, ಅಲ್ಲಿನ ಖ್ಮೇರ್ ಜನರು ಸಂತೋಷವನ್ನು ಹೇಳಿಕೊಳ್ಳುವ ಮಾತುಗಳು ಸಹ ಭಾರತವು ಇತ್ತ ದಾನವೆಂಬ ಭಾವನೆಗೆ ಎಡೆಗೊಡುತ್ತದೆ. ಈ ಭಾವನೆಯನ್ನು ಒಂದು ಅಕ್ಷರದ ಬಲದಿಂದ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಂಬೋಜದಲ್ಲಿ ಕುಶಲವನ್ನು ವಿಚಾರಿಸುವಾಗ ‘ಸೊಕ್ ಸಬ್ಬಾಯ್’ ಎನ್ನುತ್ತಾರೆ. ‘ಸೊಕ್’ ಎಂಬುದು ‘ಸುಖ’ವೇ, ಅದರಲ್ಲಿ ವಿವಾದವಿಲ್ಲ. ವಿವಾದವಿರುವುದು ‘ಸಬ್ಬಾಯ್’ ವಿಷಯದಲ್ಲಿ. ಕಿವಿಯೊಂದನ್ನೇ ನಂಬಿದವನು ಇದನ್ನು ಪಾಳಿಯ ‘ಸಬ್ಬ’ ಎಂದು, ಅರ್ಥಾತ್ ಸಂಸ್ಕೃತದ ‘ಸರ್ವ’ ಎಂದು ಗ್ರಹಿಸಿ, ‘ಸರ್ವಸುಖ’ವೆಂಬ ಅರ್ಥವನ್ನು ಕಟ್ಟಿ ತೃಪ್ತನಾಗುವನು. ಆದರೆ ಲಿಪಿ ಬೇರೆಯದನ್ನೇ ಸಾರುತ್ತದೆ. ಖ್ಮೇರ್ ಬರೆವಣಿಗೆಯಲ್ಲಿ ಈ ಪದದ ನಡುವೆ ಇರುವುದು ಭಾರತೀಯ ವರ್ಣಮಾಲೆಯ ಬಕಾರವಲ್ಲ, ಪಕಾರದ ದ್ವಿತ್ವ. ಅಕ್ಷರಶಃ ಓದಿದರೆ ಅದು ‘ಸಪ್ಪಾಯ’. ಆ ಭಾಷೆಯಲ್ಲಿ ಮೂಲ ಪಕಾರವು ಸ್ವರದ ಮುಂದೆ ಬಕಾರದಂತೆಯೂ, ಮೂಲ ಬಕಾರವು ಪಕಾರದಂತೆಯೂ ಉಚ್ಚರಿಸಲ್ಪಡುವುದನ್ನು ಮರೆತವರೇ ಇಲ್ಲಿ ಎಡವುವವರು. ‘ಕಂಬುಜ’ವೆಂದು ಬರೆದುದನ್ನು ‘ಕಂಪುಚಿಯಾ’ ಎಂದು ಉಚ್ಚರಿಸುವುದು ಲೋಕಕ್ಕೆಲ್ಲ ತಿಳಿದ ನಿದರ್ಶನ. ಇದಕ್ಕಿಂತ ಬಲವಾದುದು ‘ಪಿಬಾಕ್’ ಎಂಬ ಮಾತು: ಸಂಸ್ಕೃತದ ‘ವಿಪಾಕ’ವು ‘ಬಿಪಾಕ’ವೆಂದು ಬರೆಯಲ್ಪಟ್ಟು, ಉಚ್ಚಾರಣೆಯಲ್ಲಿ ಎರಡು ಅಕ್ಷರಗಳೂ ಸ್ಥಾನಪಲ್ಲಟಗೊಂಡು, ಕಷ್ಟವೆಂಬ ಅರ್ಥವನ್ನು ತಾಳಿ, ‘ಚಿತ್ತ’ದೊಡನೆ ಸೇರಿದಾಗ ಮನೋವ್ಯಥೆಯನ್ನು ಸೂಚಿಸುತ್ತದೆ. ಇನ್ನು ‘ಸರ್ವ’ ಎಂಬರ್ಥದ ಪದವೂ ಖ್ಮೇರಿನಲ್ಲಿ ಉಂಟು. ಅದನ್ನು ಮೂಲ ಬಕಾರಕ್ಕೆ ವಕಾರದ ಒತ್ತನ್ನು ಕೊಟ್ಟು ಬೇರೆಯಾಗಿಯೇ ಬರೆಯುತ್ತಾರೆ. ಒಂದೇ ಲಿಪಿಯಲ್ಲಿ ಇಷ್ಟು ಸ್ಪಷ್ಟವಾಗಿ ಬೇರ್ಪಟ್ಟ ಎರಡು ಪದಗಳನ್ನು ಒಂದೆಂದು ಸಾಧಿಸುವ ಹಟವನ್ನು ನಾನು ಪಾಂಡಿತ್ಯವೆಂದು ಒಪ್ಪಲಾರೆ.

ಹಾಗಾದರೆ ‘ಸಪ್ಪಾಯ’ವೆಂದರೇನು? ಪಾಳಿಯಲ್ಲಿ ಅದಕ್ಕೆ ಹಿತಕರ, ಅನುಕೂಲ ಎಂದು ಅರ್ಥ. ಬುದ್ಧಘೋಷನು ‘ವಿಸುದ್ಧಿಮಗ್ಗ’ದಲ್ಲಿ ಧ್ಯಾನಕ್ಕೆ ಒದಗುವ ಏಳು ಸಪ್ಪಾಯಗಳನ್ನು ಎಣಿಸುತ್ತಾನೆ: ವಸತಿ, ಭಿಕ್ಷಾಸ್ಥಾನ, ಮಾತು, ಸಹವಾಸಿ, ಆಹಾರ, ಋತು, ಶರೀರದ ಭಂಗಿ. ಹಿತವಾದ ಊಟ, ಹಿತವಾದ ಹವೆ, ಹಿತವಾದ ನೆರೆ ಎಂಬ ಈ ಭಿಕ್ಷುಪರಿಭಾಷೆಯು ಗೃಹಸ್ಥರ ಬಾಯಲ್ಲಿ ಉಲ್ಲಾಸವಾಚಕವಾಗಿ ಪರಿಣಮಿಸಿತು. ಕಾಂಬೋಜದಲ್ಲಿ ದೊರೆತ ಅಖಂಡ ಪಾಳಿ ಶಾಸನಗಳಲ್ಲಿ ಹಳೆಯದೆನಿಸಿದ ಕೋಕ್ ಸ್ವಾಯ್ ಚೇಕ್ ಶಾಸನವು 1309ರದೆಂಬುದನ್ನು ನೆನೆದರೆ, ಈ ಪದವನ್ನು ಹರಡಿದವರು ಮಜುಮದಾರರ ವಸಾಹತುಗಾರರಲ್ಲ, ಥೇರವಾದದ ಭಿಕ್ಷುಗಳು ಎಂದು ಊಹಿಸುವುದೇ ಯುಕ್ತ.

ಇದಿಷ್ಟೂ ಎರವಲಿನ ಮಾತಾಯಿತು. ಹರ್ಷಿಸುವುದೆಂಬರ್ಥದ, ದೇಶ್ಯವಾದ ‘ಅರ್’ ಎಂಬ ಧಾತುವನ್ನು ಎರವಲುಪಕ್ಷದವರು ಏನು ಮಾಡುವರು? ನಡೆಯುವುದೆಂಬ ‘ಡಾರ್’ ಧಾತುವಿನ ಒಳಗೆ ಪ್ರತ್ಯಯವನ್ನು ಹುದುಗಿಸಿ ಪ್ರಯಾಣವೆಂಬ ‘ಡಂಣಾರ್’ ಪದವನ್ನು ಪಡೆಯುವಂತೆಯೇ, ‘ಅರ್’ ಎಂಬುದರಿಂದ ಆನಂದವೆಂಬರ್ಥದ ‘ಅಂಣರ್’ ಹುಟ್ಟಿದೆ. ಈ ಅಂತಃಪ್ರತ್ಯಯವು ಖ್ಮೇರಿನ ಸ್ವಂತ ಸೊತ್ತು. ‘ಅರ್’ ಧಾತುವಿಗೆ ನಮ್ಮ ‘ಗುಣ’ವನ್ನು ಜೋಡಿಸಿ ಅವರು ಕೃತಜ್ಞತೆಯನ್ನು ಹೇಳುತ್ತಾರೆ: ‘ಅರ್‌ಕುಣ್’. ಅಲ್ಲಿ ಉಪಕಾರವೆಂಬ ಭಾಗ ಎರವಲು, ಹರ್ಷವೆಂಬ ಭಾಗ ಸ್ವಂತ. ಹೂವು ಅರಳುವುದಕ್ಕೆ ಹೇಳುವ ‘ರೀಕ್’ ಪದವೇ ‘ರೀಕ್‌ರಾಯ್’ ಎಂಬ ಜೋಡಿಯಲ್ಲಿ ಮನಸ್ಸಿನ ಸಂತೋಷಕ್ಕೂ ಸಲ್ಲುತ್ತದೆ. ‘ಹಿಗ್ಗು’ ಎಂಬ ಮಾತಿನಿಂದ ವಿಸ್ತಾರವನ್ನೂ ಸಂತೋಷವನ್ನೂ ಒಟ್ಟಿಗೆ ಹೇಳುವ ಕನ್ನಡಿಗರಿಗಾದರೂ ಇದು ಸುಲಭವಾಗಿ ತಿಳಿಯಬೇಕು. ನಮ್ಮಲ್ಲಿ ‘ಆನಂದ’, ‘ಸಂತೋಷ’ಗಳು ತತ್ಸಮಗಳಾದ ಮಾತ್ರಕ್ಕೆ ಕನ್ನಡಿಗರು ಸಂಸ್ಕೃತದಿಂದ ನಲಿಯಲು ಕಲಿತರೆಂದು ಯಾರೂ ವಾದಿಸಿಲ್ಲ.

ಮೇಲಿನ ವಿಚಾರಕ್ಕೆಲ್ಲ ಆಧಾರವಾದ ಅಕ್ಷರಕ್ರಮವನ್ನು ಉಳಿಸಿದ ಕೀರ್ತಿ ಭಿಕ್ಷು ಚುವೊನ್ ನಾತರಿಗೆ ಸಲ್ಲಬೇಕು. ನೊಮ್ ಪೆನ್ಹಿನ ಬೌದ್ಧ ಸಂಸ್ಥೆಯು 1938ರಲ್ಲಿಯೂ 1943ರಲ್ಲಿಯೂ ಎರಡು ಭಾಗಗಳಾಗಿ ಹೊರತಂದ ಅವರ ಖ್ಮೇರ್ ನಿಘಂಟು ವ್ಯುತ್ಪತ್ತಿಗೆ ಅನುಗುಣವಾದ ಕಾಗುಣಿತವನ್ನೇ ಎತ್ತಿಹಿಡಿಯಿತು. ಬರೆವಣಿಗೆಯನ್ನು ಸರಳಗೊಳಿಸಬೇಕೆಂದ ಕೇಂಗ್ ವಾನ್‌ಸಾಕರ ಪಕ್ಷಕ್ಕೆ ಬಾಲಕರ ಕಲಿಕೆಯ ಕಾಳಜಿಯಿದ್ದುದು ನಿಜ. ಆದರೂ ಉಚ್ಚಾರಣೆಯನ್ನೇ ಅನುಸರಿಸಿ ಬರೆದಿದ್ದರೆ ‘ಸಪ್ಪಾಯ’ದ ಮೂಲ ಕಾಗುಣಿತವು ಮರೆಯಾಗಬಹುದಿತ್ತು. ಕಾಂಬೋಜದ ಭಾವವಾಚಕಗಳನ್ನು ಕುರಿತು ಬರೆಯಹೊರಟ ನಮ್ಮ ವಿದ್ವಾಂಸರು ಇನ್ನಾದರೂ ಮೊದಲು ಈ ನಿಘಂಟನ್ನು ಬಿಡಿಸಿ ನೋಡಬೇಕೆಂದು ವಿನಂತಿಸುತ್ತೇನೆ.