ಬೊಗ್ದಾನ್

ಸ್ಲಾವಿಕ್ ಭಾಷೆಗಳ ಗಂಡುಮಕ್ಕಳ ಹೆಸರು. ‘ಬೊಗ್’ ಎಂದರೆ ದೇವರು, ‘ದಾನ್’ ಎಂದರೆ ಕೊಟ್ಟ. ಒಟ್ಟು ಅರ್ಥ ದೇವರು ಕೊಟ್ಟವನು. ನಮ್ಮ ದೇವದತ್ತನಿಗೆ ಇದು ಅರ್ಥದಲ್ಲಷ್ಟೇ ಅಲ್ಲ, ಬೇರಿನಲ್ಲೂ ಹತ್ತಿರ. ‘ದಾನ್’ ಸಂಸ್ಕೃತದ ದಾ ಧಾತುವಿನ ಬಂಧು. ‘ಬೊಗ್’ ಪದಕ್ಕೆ ಸಂಸ್ಕೃತದ ‘ಭಗ’ದೊಡನೆ ಸಂಬಂಧವಿದೆ. ಪಾಲು, ಸಂಪತ್ತು ಎಂಬ ಹಳೆಯ ಅರ್ಥ ‘ಸಿರಿವಂತ’ ಎನ್ನುವ ರಷ್ಯನ್ನಿನ ‘ಬೊಗಾತಿ’ಯಲ್ಲಿ ಉಳಿದಿದೆ. ಗ್ರೀಕಿನ ಥಿಯೊಡೋರ್ ಕೂಡ ಇದೇ ಭಾವದ ಹೆಸರು.

ಪೋಲಿಷ್, ಸರ್ಬಿಯನ್, ಬಲ್ಗೇರಿಯನ್ ಭಾಷೆಗಳಲ್ಲಿ ಬೊಗ್ದಾನ್. ಗಕಾರ ಹಕಾರವಾದ ಉಕ್ರೇನಿಯನ್, ಚೆಕ್ ಭಾಷೆಗಳಲ್ಲಿ ಬೊಹ್ದಾನ್. ಸ್ಲಾವಿಕ್ ಅಲ್ಲದ ರೊಮೇನಿಯನ್ನರಿಗೂ ಇದು ಬಳಕೆಯ ಹೆಸರೇ. 14ನೆಯ ಶತಮಾನದಲ್ಲಿ ಮೊಲ್ದಾವಿಯವನ್ನು ಆಳಿದ ಒಂದನೆಯ ಬೊಗ್ದಾನನಿಂದಾಗಿ ಆಟೊಮನ್ ತುರ್ಕರು ಆ ನಾಡನ್ನೇ ‘ಬೊಗ್ದಾನ್’ ಎಂದರು.

ಪೂರ್ವ ಸ್ಲಾವರಲ್ಲಿ ಮಗುವಿಗೆ ಚರ್ಚು ಕೊಡುವ ಸಂತನ ಹೆಸರಿನ ಜೊತೆಗೆ ಮನೆಯವರು ಕರೆಯುವ ಇಂಥ ದೇಸಿ ಹೆಸರೂ ಇರುತ್ತಿತ್ತು. 1648ರಲ್ಲಿ ಪೋಲೆಂಡಿನ ವಿರುದ್ಧ ಕೊಸಾಕರ ದಂಗೆಯನ್ನು ಮುನ್ನಡೆಸಿದ ಬೊಹ್ದಾನ್ ಖ್ಮೆಲ್ನಿತ್ಸ್ಕಿಯ ದೀಕ್ಷಾನಾಮ ಜಿನೋವಿ. ಇತಿಹಾಸ ನೆನಪಿಟ್ಟದ್ದು ಮನೆಯ ಹೆಸರನ್ನು. ಹೆಣ್ಣುಮಕ್ಕಳಿಗೆ ಬೊಗ್ದಾನಾ ಎಂಬ ರೂಪವಿದೆ.